ಕುತ್ತಿಗ್ಯಾಗಿನ ಪಾತರಗಿತ್ತಿ

ನಮ್ಮ ಮನ್ಯಾಗ ಕುತ್ತಿಗಿ ಅಂದ ಕೂಡಲೆ ಎಲ್ಲಾರೂ ಎಕ್ಸ್‌ರೇ ಅಂತಾರ. ಎಕ್ಸ್‌ರೇದಾಗ ಚಂದ ಕಾಣೂದು ಎಲುವು. ಕುತ್ತಿಗ್ಯಾಗ ಏಳು ಮಣಿ (ಅಷ್ಟುದ್ದ ಜಿರಾಫಿಗೂ ಏಳ!). ಆದ್ರ ನಮ್ಮ ಅತ್ತಿಯವರದು ಎಲುವಿನ ಬ್ಯಾನಿ ಅಲ್ಲ. ಗಂಟಲದ ಬುಡಕ, ಬಲಕ್ಕ, ಅಡಕಿಯಷ್ಟು ಒಂದು ಗಂಟು. ನೋವಿಲ್ಲ, ಏನಿಲ್ಲ. ನೀರು ನುಂಗಿದಾಗೊಮ್ಮೆ ಮ್ಯಾಲೇರಿ ಕೆಳಗಿಳೀತಿತ್ತು. ಅದನ್ನ ನೋಡೇ ಡಾಕ್ಟರು ಥೈರಾಯ್ಡಿನ ಗಂಟು ಅಂದ್ರು. ಆ ಗ್ರಂಥಿ ಶ್ವಾಸನಾಳಕ್ಕ ಅಂಟಿಕೊಂಡಿರ್ತದ, ನುಂಗಿದ್ರ ಎರಡೂ ಕೂಡೇ ಏರ್ತಾವ.

"ಕ್ಯಾನ್ಸರ್ ಇದ್ರ ನನ್ನ ಮುಂದ ಹೇಳಬ್ಯಾಡ್ರಿ" ಅಂತ ಅತ್ತಿಯವರು ಆಟೋದಾಗ ಕೂತಾಗಿಂದ ಅಂದಿದ್ದ ಅಂದಿದ್ದು.

ಸಿಟಿ, ಎಂಆರ್‌ಐ ಏನೂ ಬ್ಯಾಡ, ಅಲ್ಟ್ರಾಸೌಂಡ್ ಸಾಕು ಅಂದ್ರು. ತಣ್ಣನ ಜೆಲ್ ಹಚ್ಚಿ ಆಡಿಸಿದ್ರು. ಪರದೆ ಮ್ಯಾಲ ನಡುವ ಕರೀ ಕಮಾನು, ಅದು ಶ್ವಾಸನಾಳ. ಗಾಳಿ ಶಬ್ದದ ತೆರಿ ದಾಟಗೊಡೂದಿಲ್ಲ, ಹಿಂಗಾಗಿ ಅದರ ಹಿಂದಿಂದು ಕಾಣೂದಿಲ್ಲ. ಎಡಕ್ಕ ಬಲಕ್ಕ ಥೈರಾಯ್ಡಿನ ಎರಡು ರೆಕ್ಕಿ, ಖರೇನ ಪಾತರಗಿತ್ತಿ. ಅದರ ಮಗ್ಗಲಕ್ಕ ಎರಡು ಕರೀ ಉಂಗುರ. ಒತ್ತಿದ್ರ ಚಪ್ಪಟಿ ಆಗೂದು ರಕ್ತ ಕೆಳಗ ತರೂ ಅಭಿಧಮನಿ. ಒತ್ತಿದ್ರೂ ಡಬ್ ಡಬ್ ಬಡಕೋತ ಇರೂದು ಮಿದುಳಿಗೆ ರಕ್ತ ಒಯ್ಯೂ ಧಮನಿ. ನಾ ಗಂಟು ಮರತು ಅದನ್ನ ನೋಡಕೋತ ನಿಂತೆ.

ಗಂಟಿನೊಳಗ ನೀರೈತೋ ಗಟ್ಟಿ ಐತೋ, ಅಂಚು ನುಣ್ಣಗಿದೆಯೋ, ಅಗಲಕ್ಕಿಂತ ಎತ್ತರ ಹೆಚ್ಚೋ, ಸಣ್ಣ ಸುಣ್ಣದ ಚುಕ್ಕಿ ಅದಾವೋ ನೋಡಿ 1ರಿಂದ 5ರೊಳಗ ಒಂದು ದರ್ಜಿ ಕೊಡ್ತಾರ. ಟಿರ‍್ಯಾಡ್ಸ್ ಅಂತ ಹೆಸರು. ಅತ್ತಿಯವರದು 3, ಅನುಮಾನ ಕಡಿಮಿ, ಆದ್ರ ಗಾತ್ರ 2.5 ಸೆಂ.ಮೀ. ದಾಟಿತ್ತು. ಅದಕ್ಕ ಪರದೆ ನೋಡಕೋತನ ಸಣ್ಣ ಸೂಜಿ ಹಾಕಿ ಜೀವಕೋಶ ತಗೊಂಡ್ರು. ಚಿತ್ರ ಬರೇ ಚಹರೆ ತೋರಸ್ತದ, ಒಳಗಿನ ಗುಣ ಹೇಳೂದು ಸೂಜಿ. ಇಂಥಾ ಗಂಟಿನ್ಯಾಗ ಬಹುತೇಕ ನಿರುಪದ್ರವಿನ ಅಂತ ಡಾಕ್ಟರು ಎಷ್ಟ ಹೇಳಿದ್ರೂ ರಿಪೋರ್ಟ್ ಬರೂತನಕ ನಮ್ಮ ಮನ್ಯಾಗ ಒಗ್ಗರಣಿಗೂ ಸಪ್ಪಳ ಇರಲಿಲ್ಲ.

ಕ್ಯಾನ್ಸರ್ ಅಲ್ಲ. ಅತ್ತಿಯವರಿಗೆ ಹೇಳಿದೆ. "ನೀ ಸುಳ್ಳ ಹೇಳಲಿಕತ್ತಿ ನೋಡವಾ" ಅಂದ್ರು! ಬ್ಯಾಡ ಅಂದಿದ್ದು ಅವರ ಅಲ್ಲೇನು? ಕಡೀಕ ಡಾಕ್ಟರಿಗೆ ಫೋನ್ ಹಚ್ಚಿ ಕೊಟ್ಟ ಮ್ಯಾಲೆ ನಂಬಿದ್ರು. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಸ್ರಿ ಅಂದಾರ. ಮುಂದಿನ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿಲ್ಲ, ಈ ವರ್ಷದ ಡಿಸೆಂಬರ್ ಹಾಳಿ ಹಿಂದ ಬರದಿಟ್ಟಾರ.