ಟ್ರ್ಯಾಕ್ಟರ್ ಬ್ಯಾಟರಿಯ ಬೆಳಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಹಬ್ಬ ಅಂದ್ರೆ ರಾತ್ರಿ. ಮಾರಿಕಾಂಬಾ ಜಾತ್ರೆ ಇರೋ ವರ್ಷ ಶಿರಸಿ ಪೇಟೆ ರಾತ್ರಿಯಿಡೀ ಎಚ್ಚರ. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ, ಅದೂ ರಾತ್ರಿಯೇ. ನಮ್ಮೂರ ಸಾರ್ವಜನಿಕ ಗಣಪತಿ ಕೆರೆಗೆ ಹೊರಡೋದೂ ಕತ್ತಲಾದ ಮೇಲೆಯೇ. ಬೆಂಗಳೂರಿಂದ ರಜೆ ಹಾಕಿ ಬರೋ ನಮ್ಮಂಥವರಿಗೆ ಊರಲ್ಲಿ ಸಿಗೋ ಕೆಲಸ ಒಂದೇ: ಟ್ರ್ಯಾಕ್ಟರ್ ಟ್ರಾಲಿಗೆ ಲೈಟ್ ಕಟ್ಟೋದು.

ನಾವು ಸಣ್ಣವರಿದ್ದಾಗ ಇದ್ದಿದ್ದು ಸೀರಿಯಲ್ ಸೆಟ್. ಆರು ವೋಲ್ಟಿನ ಪುಟ್ಟ ಬಲ್ಬುಗಳು, ಒಂದರ ಹಿಂದೆ ಒಂದು. ಸುಮಾರು 40 ಬಲ್ಬು ಸೇರಿ 230 ವೋಲ್ಟನ್ನು ಹಂಚಿಕೊಳ್ಳೋ ಲೆಕ್ಕ. ಒಂದು ಸುಟ್ಟರೆ ಸಾಲಿಗೆ ಸಾಲೇ ಕತ್ತಲೆ. ಆಮೇಲೆ ಒಂದೊಂದೇ ಬಲ್ಬು ಬದಲಿಸಿ ಹುಡುಕ್ತಾ ಕೂರಬೇಕು. ಅಪಾಯ ಇರೋದು ಆ ಹುಡುಕಾಟದಲ್ಲೇ. ಬಲ್ಬು ಆರು ವೋಲ್ಟಿಂದಾದ್ರೂ ವೈರಿಗೆ ಬರೋದು ಪೂರ್ತಿ 230. ಸಿಪ್ಪೆ ಹೋದ ಜಾಗ ಒದ್ದೆ ಟ್ರಾಲಿಯ ಕಬ್ಬಿಣಕ್ಕೆ ತಾಗಿದರೆ ಮುಗೀತು. ಮಲೆನಾಡಿನ ಚೌತಿಗೆ ಮಳೆ ತಪ್ಪಲ್ಲ ಅನ್ನೋದು ನಿಮಗೂ ಗೊತ್ತು.

ನಮ್ಮಲ್ಲಿ ಇದನ್ನ ನಿಲ್ಲಿಸಿದ್ದು ದೊಡ್ಡಪ್ಪನ ಮಗ. ಅವನ ಕಸುಬು ಪಂಪ್‌ಸೆಟ್ ರಿಪೇರಿ. ಒಂದು ವರ್ಷ ಹುಡುಗರು ಬಾಡಿಗೆ ಜನರೇಟರ್, ದೊಡ್ಡ ಫೋಕಸ್ ಲೈಟ್ ತರೋಣ ಅಂತ ಹಟ ಹಿಡಿದಿದ್ರು.

"ಮಳೆ ಬತ್ತು ತಮಾ. ಆ ಕರೆಂಟ್ ಟ್ರಾಲಿ ಮೇಲೆ ಬ್ಯಾಡ."

"ಎಂತ ಆಗ್ತಿಲ್ಲೆ ಅಣ್ಣಾ, ಟೇಪ್ ಸುತ್ತಿದ್ರಾತು."

ಅವ ವಾದ ಮಾಡಲಿಲ್ಲ. ಪೇಟೆಗೆ ಹೋಗಿ ಐದೈದು ಮೀಟರಿನ ನಾಲ್ಕು ಎಲ್ಇಡಿ ಪಟ್ಟಿ ತಂದ. ಟ್ರ್ಯಾಕ್ಟರ್ ಬ್ಯಾಟರಿ 12 ವೋಲ್ಟಿಂದು, ಪಟ್ಟಿಯೂ ಅಷ್ಟಕ್ಕೇ ಮಾಡಿದ್ದು. ಬಿಳಿ ಎಲ್ಇಡಿಗೆ ಸುಮಾರು ಮೂರು ವೋಲ್ಟ್ ಬೇಕು. ಹಾಗಾಗಿ ಮೂರು ಎಲ್ಇಡಿಗೆ ಒಂದು ರೆಸಿಸ್ಟರ್ ಸೇರಿಸಿ ಒಂದು ತುಂಡು. ಗುರುತು ಇರೋ ಕಡೆ ಕತ್ತರೀಲಿ ಕತ್ತರಿಸಿದ್ರೂ ಉಳಿದದ್ದು ಉರಿಯುತ್ತೆ. ಮೀಟರಿಗೆ ಐದು ವ್ಯಾಟ್ ಹಿಡಿದರೆ 20 ಮೀಟರಿಗೆ ನೂರು ವ್ಯಾಟ್, ಅಂದ್ರೆ ಎಂಟು ಆಂಪಿಯರ್ ಚಿಲ್ಲರೆ. ಟ್ರ್ಯಾಕ್ಟರಿಗೆ ಇದೊಂದು ಭಾರವೇ ಅಲ್ಲ. ಈ ಬಿಳಿ ಬೆಳಕು ಸಾಧ್ಯವಾಗಿದ್ದು ನೀಲಿ ಎಲ್ಇಡಿಯಿಂದ. ಅದಕ್ಕಾಗಿ 2014ರಲ್ಲಿ ಅಕಾಸಾಕಿ, ಅಮಾನೊ, ನಕಾಮುರಾಗೆ ನೊಬೆಲ್ ಬಂತು. ನಮ್ಮ ಗಣಪತಿಯ ಟ್ರಾಲಿಯಲ್ಲಿ ಮೂವರಿಗೂ ಪಾಲಿದೆ.

12 ವೋಲ್ಟ್ ಶಾಕ್ ಹೊಡೆಯಲ್ಲ ನಿಜ, ಆದ್ರೆ ಬೆಂಕಿ ಹಚ್ಚಬಲ್ಲದು. ವೈರ್ ಶಾರ್ಟ್ ಆದ್ರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತೆ, ಹೂವಿನ ಮಂಟಪ, ಬಾಳೆಕಂಬ, ಬಟ್ಟೆ ಎಲ್ಲಾ ಪಕ್ಕದಲ್ಲೇ ಇರುತ್ತೆ. ಅದಕ್ಕೇ ಬ್ಯಾಟರಿ ಟರ್ಮಿನಲ್ ಬುಡದಲ್ಲೇ ಫ್ಯೂಸ್ ಹಾಕಿದ. ದೊಡ್ಡ ಲಾರಿ ಸಿಕ್ಕಿದ್ರೆ ಅದು 24 ವೋಲ್ಟ್; ಒಂದೇ ಥರದ ಎರಡೆರಡು ಪಟ್ಟೀನ ಸೀರೀಸಲ್ಲಿ ಜೋಡಿಸಬೇಕು.

ಅವ ಇನ್ನೊಂದು ನಿಯಮ ಮಾಡಿದ: ಮಂಟಪದ ಎತ್ತರಕ್ಕೆ ಮಿತಿ. ಬಿದಿರಿನ ಕೋಲಲ್ಲಿ ಕರೆಂಟ್ ತಂತಿ ಎತ್ತಿ ಟ್ರಾಲಿ ದಾಟಿಸೋ ಸಾಹಸ ಬಂದ್. ಲೈನ್‌ಮನ್‌ಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸ್ಕೊಂಡೇ ದಾಟೋದು. 2022ರ ಏಪ್ರಿಲ್ 27ರ ಬೆಳಗಿನ ಜಾವ ತಂಜಾವೂರಿನ ಹತ್ತಿರದ ಕಳಿಮೇಡಿನಲ್ಲಿ ತೇರು ಹೈಟೆನ್ಷನ್ ತಂತಿಗೆ ತಗುಲಿ 11 ಜನ ಹೋದರು, ಮಕ್ಕಳೂ ಇದ್ದರು. ನಾವು ಕೆಳಗೆ ಎಷ್ಟೇ ಕಮ್ಮಿ ವೋಲ್ಟಿನ ದೀಪ ಕಟ್ಟಿದ್ರೂ ಮೇಲಿನ ತಂತಿ ಕಮ್ಮಿಯಾಗಲ್ಲವಲ್ಲ.

'ಇಷ್ಟೇ ಬೆಳಕಾ' ಅಂತ ಹುಡುಗರು ಗೊಣಗಿದ್ರು. ಮೈಸೂರು ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು ಬೇಕು, ಯಾಕಂದ್ರೆ ಅದರ ಸುತ್ತ ಒಂದು ನಗರವೇ ಉರೀತಿರುತ್ತೆ. ನಮ್ಮ ರಸ್ತೆಯಲ್ಲಿ ಬೀದಿದೀಪವೇ ಇಲ್ಲ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಬೆಟ್ಟ. ಅಲ್ಲಿ ಆ 20 ಮೀಟರ್ ಪಟ್ಟಿ ತಿರುವಿನಾಚೆಯ ಮನೆಯವರಿಗೂ ಕಾಣ್ತಿತ್ತು. ಟ್ರಾಲಿ ಬರೋದ್ರೊಳಗೆ ಅವರು ಹಣ್ಣುಕಾಯಿ ಹಿಡ್ಕೊಂಡು ದಣಪೆಗೆ ಬಂದು ನಿಂತಿರ್ತಿದ್ರು. ಜೋರು ಮಳೆಯಲ್ಲೂ ಮಕ್ಕಳು ಟ್ರಾಲಿಯ ಕಬ್ಬಿಣ ಹಿಡ್ಕೊಂಡೇ ನಡೀತಿದ್ರು, ಯಾರೂ ಅವರನ್ನ ಗದರಿಸಬೇಕಾಗಿ ಬರಲಿಲ್ಲ.