ಮಾವನ ಟ್ರಕ್ಕು, ಬಾಗಿಲ ಸಂದಿಯ ಹಳದಿ ಚೀಟಿ

(1)
ಮೊದಲನೇ ಫೋಟೋದಲ್ಲಿ ಇರೋದು ಮನೆ ಅಲ್ಲ, ಕ್ಯಾಂಪರ್. ಡಲ್ಲಾಸ್ ಹತ್ತಿರ ಇರೋ ನಮ್ಮ ಸೋದರಮಾವ ರಿಟೈರ್ ಆದಮೇಲೆ ಸೆಕೆಂಡ್ ಹ್ಯಾಂಡಲ್ಲಿ ಹಿಡಿದಿದ್ದು. 32 ಅಡಿ ಉದ್ದ. ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲುಮನೆ, ಸೋಫಾ ಎಲ್ಲಾ ಇದೆ. ಇಲ್ಲದ್ದು ಒಂದೇ, ಎಂಜಿನ್. ಅದನ್ನ ಎಳೆಯೋಕೆ ಪಿಕಪ್ ಟ್ರಕ್ ಬೇಕು. ಯಾವ ಟ್ರಕ್ ಅನ್ನೋದರ ಮೇಲೆ ನಮ್ಮ ಮನೆಯಲ್ಲಿ ಎರಡು ತಿಂಗಳು ಮಹಾಭಾರತ ನಡೀತು. ಮೆಕ್ಯಾನಿಕಲ್ ಓದಿದ ನನ್ನ ಬ್ಯಾಚ್‌ನವರೇ, ಇದು ನಿಮಗೇ ಬರೀತಿರೋದು. ಉಳಿದವರೂ ಓದಿ, ಕೂಡೋದು ಕಳೆಯೋದು ಬಿಟ್ಟರೆ ಬೇರೆ ಗಣಿತ ಇಲ್ಲ.

ಈ ಥರದ ಕ್ಯಾಂಪರಿಗೆ 'ಫಿಫ್ತ್ ವೀಲ್' ಅಂತಾರೆ. ಐದನೇ ಚಕ್ರ ಎಲ್ಲಿದೆ ಅಂತ ಹುಡುಕಬೇಡಿ. ಹಿಂದೆ ಕುದುರೆ ಸಾರೋಟಿನ ಮುಂದಿನ ಅಚ್ಚಿನ ಮೇಲೆ, ತಿರುಗೋಕೆ ಅನುಕೂಲ ಆಗ್ಲಿ ಅಂತ ಒಂದು ಚಕ್ರವನ್ನ ಅಡ್ಡಡ್ಡ ಮಲಗಿಸಿ ಇಡ್ತಿದ್ರು. ಆ ಹೆಸರೇ ಉಳ್ಕೊಂಡಿದೆ. ನೆಲಮಂಗಲ ದಾಟಿದ ಮೇಲೆ ಕಂಟೇನರ್ ಹೊತ್ತ ಟ್ರೇಲರ್ ಲಾರಿಗಳು ಕಾಣ್ತಾವಲ್ಲ, ಅದರ ಮುಂಡಿಗೂ ಟ್ರೇಲರಿಗೂ ನಡುವೆ ಗ್ರೀಸ್ ಮೆತ್ತಿಕೊಂಡಿರೋ ದಪ್ಪ ತಟ್ಟೆ ಇರುತ್ತೆ. ಅದೂ ಇದೇ. ಕ್ಯಾಂಪರಿನ ಮೂತಿಯಿಂದ ಕೆಳಗಿಳಿದ ಒಂದು ಗೂಟ ಬಂದು ಟ್ರಕ್ಕಿನ ತೊಟ್ಟಿಯೊಳಗಿರೋ ಕೊಂಡಿಯಲ್ಲಿ ಕೂರುತ್ತೆ, ಹೆಚ್ಚುಕಮ್ಮಿ ಹಿಂದಿನ ಅಚ್ಚಿನ ಮೇಲೇನೇ. ಹಾಗಾಗಿ ಹೈವೇಲಿ ಬಾಲ ಅಲ್ಲಾಡಿಸೋದು ಕಮ್ಮಿ. ಆದರೆ ಕ್ಯಾಂಪರಿನ ತೂಕದಲ್ಲಿ ಸಾಮಾನ್ಯವಾಗಿ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತೆ. ಈ ಒಂದು ವಾಕ್ಯ ನೆನಪಿಟ್ಕೊಳ್ಳಿ.

(2)
ಮಾವ ಮೊದಲು ಮನಸ್ಸು ಮಾಡಿದ್ದು ಅರ್ಧ ಟನ್ ಟ್ರಕ್ಕಿಗೆ. ಇಲ್ಲಿ 150, 1500 ಅಂತ ನಂಬರ್ ಇರೋವೆಲ್ಲ ಈ ಜಾತಿ. 250, 2500 ಅಂದ್ರೆ ಮುಕ್ಕಾಲು ಟನ್. 350, 3500 ಅಂದ್ರೆ ಒಂದು ಟನ್. ಹಳೇ ಕಾಲದ ಲೆಕ್ಕದ ಹೆಸರುಗಳು, ಈಗ ಹೆಸರಿಗಿಂತ ಎಲ್ಲವೂ ಜಾಸ್ತಿನೇ ಹೊರ್ತಾವೆ. ಷೋರೂಮಿನ ಸೇಲ್ಸ್‌ಮನ್ ಮಾವನ ಹೆಗಲ ಮೇಲೆ ಕೈ ಹಾಕಿ, "ಇದು 13,000 ಪೌಂಡ್ ಎಳೆಯುತ್ತೆ ಸಾರ್, ನಿಮ್ಮ ಕ್ಯಾಂಪರ್ ಅಷ್ಟಿಲ್ಲ, ಕಣ್ಮುಚ್ಕೊಂಡು ತಗೊಳ್ಳಿ" ಅಂದ. ಬೆಲೆ 38,000 ಡಾಲರ್. ಮಾವ 500 ಡಾಲರ್ ಮುಂಗಡ ಕೊಟ್ಟೇಬಿಟ್ರು, ವಾಪಸ್ ಬರೋ ಮುಂಗಡ, ಸದ್ಯ.

ನಾನು ಡ್ರೈವರ್ ಬಾಗಿಲು ತೆಗೆದು ಸಂದಿ ನೋಡಿದೆ. ಇಲ್ಲಿ ಪ್ರತಿ ಗಾಡಿಗೂ ಅಲ್ಲಿ ಹಳದಿ-ಬಿಳಿ ಚೀಟಿ ಅಂಟಿಸಿರ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ. ಪೇಲೋಡ್ ಅನ್ನೋದು ಅದನ್ನೇ. ಜಾಹೀರಾತಿನ ನಂಬರ್ ಆ ಮಾಡೆಲ್ಲಿನ ಯಾವುದೋ ಒಂದು ಗಾಡಿಯದ್ದು. ಈ ಚೀಟಿಯದ್ದು ನಿಮ್ಮ ಮುಂದೆ ನಿಂತಿರೋ ಗಾಡಿಯದ್ದೇ. ಸನ್‌ರೂಫ್, ಲೆದರ್ ಸೀಟು ಅಂತ ಮೆರುಗು ಜಾಸ್ತಿ ಆದಷ್ಟೂ ಈ ನಂಬರ್ ಇಳಿಯುತ್ತೆ. ಆ ಟ್ರಕ್ಕಿನಲ್ಲಿ ಬರೆದಿದ್ದು 1,590 ಪೌಂಡ್.

"ಮಾವ, ಎಳೆಯೋದು ಬೇರೆ, ಹೊರೋದು ಬೇರೆ" ಅಂದೆ. ಮಾವ ಮುಖ ಗಂಟು ಹಾಕಿಕೊಂಡ್ರು. "ಅವ್ನು 20 ವರ್ಷದಿಂದ ಟ್ರಕ್ ಮಾರ್ತಿದಾನೆ ಕಣೇ ಪುಟ್ಟಿ." ದೊಡ್ಡವರಿಗೆ ಬುದ್ಧಿ ಹೇಳೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು, ಅದೂ ಅವರ ಮನೇಲೇ ಉಂಡುಕೊಂಡು ಇರುವಾಗ.

(3)
ಬಾಯಲ್ಲಿ ವಾದ ಮಾಡೋ ಬದಲು ತೂಕ ಹಾಕಿಸೋಣ ಅಂದೆ. ನಮ್ಮಲ್ಲಿ ಎಪಿಎಂಸಿ ಹತ್ತಿರ ವೇಬ್ರಿಡ್ಜ್ ಇರುತ್ತಲ್ಲ, ಇಲ್ಲಿ ಲಾರಿಗಳು ನಿಲ್ಲೋ ದೊಡ್ಡ ಪೆಟ್ರೋಲ್ ಬಂಕ್‌ಗಳಲ್ಲಿ ಇರುತ್ತೆ. ಯಾರು ಬೇಕಾದ್ರೂ ಸ್ವಲ್ಪ ದುಡ್ಡು ಕೊಟ್ಟು ಹಾಕಿಸಬಹುದು, ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರ್ ಅಚ್ಚು ಬೇರೆಬೇರೆ ತೂಕ ಬರೆದು ಚೀಟಿ ಕೊಡ್ತಾರೆ. ಕ್ಯಾಂಪರ್ ಮಾರಿದವರು ಒಳ್ಳೆಯವರು, ತಮ್ಮ ಟ್ರಕ್ಕಿಗೆ ಕಟ್ಟಿಕೊಂಡು ಬಂದ್ರು. ಪಾತ್ರೆ ಪಗಡೆ, ನೀರು, ಗ್ಯಾಸ್ ಎಲ್ಲಾ ತುಂಬಿಸಿಕೊಂಡೇ. ಇದು ಮುಖ್ಯ. ಕಂಪನಿ ಬರೆಯೋ ಖಾಲಿ ತೂಕದಲ್ಲಿ ಯಾರೂ ಪ್ರವಾಸ ಹೋಗಲ್ಲ, ಒಂದು ಗ್ಯಾಲನ್ ನೀರೇ 8.3 ಪೌಂಡ್.

ಕ್ಯಾಂಪರ್ ಕಟ್ಟಿದಾಗ ಅವರ ಟ್ರಕ್ಕಿನ ಎರಡು ಅಚ್ಚಿನ ಮೇಲೆ 11,380 ಪೌಂಡ್, ಕ್ಯಾಂಪರಿನ ಅಚ್ಚುಗಳ ಮೇಲೆ 9,120. ಬಿಚ್ಚಿಟ್ಟು ಬಂದಾಗ ಬರೀ ಟ್ರಕ್ 8,860. ಕಳೆಯಿರಿ. 2,520 ಪೌಂಡ್ ಗೂಟದ ಮೂಲಕ ಟ್ರಕ್ಕಿನ ಮೇಲೆ ಕೂತಿದೆ. ಅಂದ್ರೆ ಸುಮಾರು 1,140 ಕೆಜಿ. ಒಂದು ಸ್ವಿಫ್ಟ್ ಕಾರನ್ನ ಎತ್ತಿ ತೊಟ್ಟಿಯಲ್ಲಿ ಇಟ್ಟರೂ ಇಷ್ಟಾಗಲ್ಲ! ಅದರ ಮೇಲೆ ಕೊಂಡಿ 180, ಮಾವ-ಅತ್ತೆ 340, ಸ್ಪ್ಯಾನರು ಜಾಕು ತಿಂಡಿ ಡಬ್ಬ ಅಂತ ಒಂದು 100. ಒಟ್ಟು 3,140. ಚೀಟಿ ಹೇಳಿದ್ದು 1,590. ಹೆಚ್ಚೂಕಮ್ಮಿ ಎರಡರಷ್ಟು.

ಎಂಜಿನ್ ಎಳೆಯಲ್ವಾ ಅಂದ್ರೆ ಎಳೆಯುತ್ತೆ. ಅದೇ ಮೋಸ. ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗಲ್ಲ. ಆದರೆ ಹಿಂಭಾಗ ಕುಸಿದು ಮುಂಭಾಗ ಹಗುರ ಆಗುತ್ತೆ, ಸ್ಟೇರಿಂಗ್ ಮಾತು ಕೇಳೋದು ಕಮ್ಮಿ ಆಗುತ್ತೆ, ಹಿಂದಿನ ಟೈರು ಕಾಯುತ್ತೆ. ಟೆಕ್ಸಾಸ್ ಬಿಸಿಲಲ್ಲಿ ಕಾದ ಟೈರು ಸಿಡಿದರೆ ಏನಾಗುತ್ತೆ ಅಂತ ನಾನು ಬರೆಯಲ್ಲ.

ಮಾವ ಚೀಟಿ ಹಿಡ್ಕೊಂಡು ಸುಮ್ಮನೆ ನಿಂತ್ರು. ಆಮೇಲೆ ಅಂದ್ರು, "ನಮ್ಮಪ್ಪ ತಿಪಟೂರು ಸಂತೆಗೆ ಗಾಡಿಗೆ ಕಾಯಿ ತುಂಬುವಾಗ ನೊಗ ಎತ್ತಿ ನೋಡ್ತಿದ್ರು. ಮುಂಬಾರ ಆದ್ರೆ ಎತ್ತಿನ ಕುತ್ತಿಗೆ ಹೋಗುತ್ತೆ ಅಂತ." ಅಷ್ಟೇ. ಮಾರನೇ ದಿನ ಮುಂಗಡ ವಾಪಸ್ ತಂದ್ರು.

(4)
ಇಲ್ಲಿಂದ ಕಥೆ ಸುಲಭ ಅಂದ್ಕೊಂಡೆ, ಆಗ್ಲಿಲ್ಲ. ಮುಕ್ಕಾಲು ಟನ್ ಡೀಸೆಲ್ ನೋಡಿದ್ವಿ, ಗುಡ್ಡ ಕಿತ್ತುಹಾಕೋ ಥರದ ಎಂಜಿನ್. ಚೀಟಿ ನೋಡಿದ್ರೆ 2,310! ಈ ದರ್ಜೆಯ ಎಷ್ಟೋ ಗಾಡಿಗಳಿಗೆ ಒಟ್ಟು ತೂಕದ ಮಿತಿಯನ್ನ 10,000 ಪೌಂಡಿಗೆ ಕಟ್ಟಿಹಾಕಿರ್ತಾರೆ, ಮತ್ತೆ ಡೀಸೆಲ್ ಎಂಜಿನ್ ತಾನೇ ಭಾರ. ಆ ಭಾರ ಪೇಲೋಡಿನಿಂದಲೇ ಕಳೆಯುತ್ತೆ. ಬರೀ ಎಂಜಿನ್ ನೋಡಿ ತಗೊಳ್ಳೋರು ಬೀಳೋದು ಇಲ್ಲೇ.

ಪೆಟ್ರೋಲ್ ತಗೊಂಡ್ರೆ ಪೇಲೋಡ್ ಜಾಸ್ತಿ, ಬೆಲೆನೂ ಕಮ್ಮಿ. ನಾನಾಗಿದ್ರೆ ಅದನ್ನೇ ತಗೋತಿದ್ದೆ, ಬಯಲಲ್ಲೇ ಓಡಾಡೋದಾದ್ರೆ. ಆದರೆ ಮಾವನ ಕಣ್ಣಿರೋದು ಕೊಲೊರಾಡೊ ಮೇಲೆ. ಅಲ್ಲಿ ಐ-70 ರಸ್ತೆಯ ಐಸನ್‌ಹೋವರ್ ಸುರಂಗ 11,000 ಅಡಿಗೂ ಎತ್ತರದಲ್ಲಿದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ಗೆ ಅಲ್ಲಿ ಉಸಿರು ಕಟ್ಟುತ್ತೆ. ಹತ್ತೋದಕ್ಕಿಂತ ಇಳಿಯೋದು ಕಷ್ಟ. ಡೀಸೆಲ್ ಟ್ರಕ್ಕಿನ ಎಗ್ಸಾಸ್ಟ್ ಬ್ರೇಕ್ ಇದ್ದರೆ ಕಾಲಿನ ಬ್ರೇಕನ್ನ ಕಾಯಿಸದೆ ಇಳಿಸಬಹುದು.

ಇನ್ನೊಂದು ದಾರಿಯೂ ಇತ್ತು, ನಾನು ಅದನ್ನೇ ಜೋರಾಗಿ ಹೇಳಿದ್ದೆ: ಈ ಕ್ಯಾಂಪರ್ ಮಾರಿ, ಹಿಂದೆ ಕಟ್ಟಿ ಎಳೆಯೋ ಚಿಕ್ಕದೊಂದು ತಗೊಳ್ಳಿ, ಅದರ ಭಾರ ಟ್ರಕ್ಕಿನ ಮೇಲೆ ಬರೋದು 10ರಿಂದ 15 ಪರ್ಸೆಂಟ್ ಅಷ್ಟೇ. ಮಾವ ಒಪ್ಪಲಿಲ್ಲ. ಮಂಡಿ ನೋವಿರೋ ಅತ್ತೆಗೆ ನೆಟ್ಟಗೆ ನಿಂತು ಅಡುಗೆ ಮಾಡೋ ಎತ್ತರ ಬೇಕಂತೆ. ಅತ್ತೆ ಮಾತ್ರ, "ರೀ, ನನ್ನ ಹೆಸರು ಯಾಕೆ ಎಳೀತೀರಿ" ಅಂದ್ರು.

ಕೊನೆಗೆ ಬಂದಿದ್ದು ನಾಲ್ಕು ವರ್ಷ ಹಳೇ ಒಂದು ಟನ್ ಡೀಸೆಲ್, ಹಿಂದೆ ಒಂದೊಂದೇ ಟೈರು. ಚೀಟಿ 3,870. ನಮ್ಮ 3,140 ಕಳೆದರೆ 730 ಉಳೀತು. ಹಿಂದಿನ ಅಚ್ಚು ಮತ್ತೆ ಟೈರಿನ ಮಿತಿಯನ್ನೂ ಬೇರೆಯಾಗಿ ನೋಡಿದೆ, ಒಳಗೇ ಇದೆ. ತೊಟ್ಟಿ 8 ಅಡಿಯದ್ದು. ಗಿಡ್ಡ ತೊಟ್ಟಿ ಆದ್ರೆ ಬಿಗಿಯಾಗಿ ತಿರುಗಿಸುವಾಗ ಕ್ಯಾಂಪರಿನ ಮೂಲೆ ಟ್ರಕ್ಕಿನ ಹಿಂದಿನ ಗಾಜಿಗೆ ಬಂದು ಹೊಡೆಯೋ ಭಯ, ಅದಕ್ಕೆ ಜಾರೋ ಕೊಂಡಿ ಬೇಕಾಗುತ್ತೆ. ಗಾಡಿ ಸುಮಾರು 22 ಅಡಿ, ಗ್ಯಾರೇಜಿಗೆ ಹೋಗಲ್ಲ. ತರಕಾರಿ ತರೋಕೆ ಇದನ್ನ ಮುಟ್ಟಲ್ಲ ಅಂತ ಅತ್ತೆ ಶಪಥ ಮಾಡಿದ್ದಾರೆ.

ಬೆಲೆ 52,000. ಜಾಸ್ತಿ ಆದ 14,000 ಡಾಲರ್ ತಿಪಟೂರಿನ ಹಳೇ ಮನೆ ಮಾಳಿಗೆ ರಿಪೇರಿಗೆ ಅಂತ ಇಟ್ಟಿದ್ದು. ಈ ಮಳೆಗಾಲವೂ ಅಲ್ಲಿ ಸೋರುತ್ತೆ. ಊರಿಗೆ ಫೋನ್ ಮಾಡಿ ಅದನ್ನ ಹೇಳಿದ್ದು ಮಾವನೇ, ನಾನು ಪಕ್ಕದಲ್ಲಿದ್ದೆ, ಎರಡೂ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಅತ್ತೆ ಒಂದು ಷರತ್ತು ಹಾಕಿದಾರೆ. ಮಾವನಿಗೆ ಹೋದ ವರ್ಷ ಸ್ಟೆಂಟ್ ಹಾಕಿದೆ, ದಾರಿಯಲ್ಲಿ ಏನಾದ್ರೂ ಆದ್ರೆ ಗಾಡಿ ನಡೆಸೋಕೆ, ಕಟ್ಟೋಕೆ, ಬಿಚ್ಚೋಕೆ ತನಗೂ ಬರಬೇಕು ಅಂತ. ಭಾನುವಾರ ಖಾಲಿ ಪಾರ್ಕಿಂಗಲ್ಲಿ ಅಭ್ಯಾಸ. ರಿವರ್ಸ್ ಹೋಗುವಾಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ರೆ ಕ್ಯಾಂಪರಿನ ಹಿಂಭಾಗ ಎಡಕ್ಕೆ ಹೋಗುತ್ತೆ. ಕೊನೇ ಫೋಟೋದಲ್ಲಿ ಸೀರೆ ಮೇಲೆ ಜಾಕೆಟ್ ಹಾಕ್ಕೊಂಡು ಸ್ಟೇರಿಂಗ್ ಹಿಡಿದಿರೋರು ಅವರೇ, ನಾಲ್ಕನೇ ಸಲಕ್ಕೆ ಗೆರೆಯೊಳಗೆ ನಿಲ್ಲಿಸಿದ್ರು. ಮಾವ ಇನ್ನೂ ಆರನೇದ್ರಲ್ಲಿ ಇದಾರೆ.