ಜವಳಗೇರಾದ ಕಾಳು, ಗಣಕದ ತಿರುಳು

ರಾಯಚೂರಿನಿಂದ ಸಿಂಧನೂರಿನ ಬಸ್ಸು ಹತ್ತಿದವರಿಗೆ ಮಾನ್ವಿ, ಪೋತ್ನಾಳ ದಾಟಿದ ಮೇಲೆ ಜವಳಗೇರಾ ಸಿಗುತ್ತದೆ. ಸುತ್ತಲೂ ಕರಿ ಎರೆಭೂಮಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರಿದ್ದರೆ ಕಣ್ಣು ಹಾಯಿಸಿದಷ್ಟು ದೂರ ಭತ್ತ, ಇಲ್ಲದಿದ್ದರೆ ಬಾಯಿಬಿಟ್ಟ ನೆಲ. ಹೊರಗಿನ ರೈತರಿಗೆ ಈ ಊರಿನ ಹೆಸರು ಗೊತ್ತಿರುವುದು ಬೀಜದಿಂದ. ಕೇಂದ್ರ ಸರ್ಕಾರದ ಸಾವಿರಾರು ಎಕರೆಯ ಬೀಜೋತ್ಪಾದನಾ ಫಾರಂ ಇಲ್ಲಿದೆ. ಮೊದಲು ಅದು ಸ್ಟೇಟ್ ಫಾರ್ಮ್ಸ್ ಕಾರ್ಪೊರೇಷನ್ನಿನ ಕೈಯಲ್ಲಿತ್ತು. 2014ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಬೀಜ ನಿಗಮದಲ್ಲಿ ವಿಲೀನವಾಯಿತು.

ಭತ್ತದ ಒಂದು ಕಾಳನ್ನು ಉಗುರಿನಿಂದ ಸುಲಿದರೆ ಮೇಲೆ ಹೊಟ್ಟು, ಒಳಗೆ ಅಕ್ಕಿ. ಗಣಕಯಂತ್ರದವರು ತಮ್ಮ ಎರಡು ಮಾತುಗಳನ್ನು ಎರವಲು ಪಡೆದದ್ದು ಇಂಥ ಕಾಳಿನಿಂದಲೇ. ಇಂಗ್ಲಿಷಿನಲ್ಲಿ ತಿರುಳಿಗೆ ಕರ್ನಲ್, ಸಿಪ್ಪೆಗೆ ಶೆಲ್. ಬಳಸುವವರು ಆಜ್ಞೆ ಕೊಡುವ ಹೊರಪದರ ಶೆಲ್ ಆದರೆ, ಆಪರೇಟಿಂಗ್ ಸಿಸ್ಟಂನ ಒಳತಿರುಳು ಕರ್ನಲ್. ಜವಳಗೇರಾದ ಬಸ್ ನಿಲ್ದಾಣದಲ್ಲಿ ಆಂಡ್ರಾಯ್ಡ್ ಫೋನು ಹಿಡಿದು ನಿಂತ ಪ್ರತಿಯೊಬ್ಬರ ಜೇಬಿನಲ್ಲೂ ಲಿನಕ್ಸ್ ಎಂಬ ಕರ್ನಲ್ ಇದೆ. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದಾಗ ಅದು ಸುಮಾರು 10 ಸಾವಿರ ಸಾಲುಗಳಷ್ಟಿತ್ತು. ಈಗ ಸುಮಾರು 4 ಕೋಟಿ.

ಅದರ ಕೆಲಸ ಕಾಲುವೆ ನಿರ್ವಹಣೆಯಂಥದು. ಯಾವ ಆ್ಯಪಿಗೆ ಎಷ್ಟು ಸ್ಮೃತಿ, ಯಾರ ಸರದಿ ಯಾವಾಗ, ಎಷ್ಟು ಹೊತ್ತು, ಎಲ್ಲವನ್ನೂ ನಿರ್ಧರಿಸುವುದು ಅದೇ. ಒಂದು ಆ್ಯಪ್ ತಪ್ಪಿದರೆ ಕರ್ನಲ್ ಅದನ್ನು ಹಿಡಿದು ಮುಚ್ಚುತ್ತದೆ, ಫೋನು ನಡೆಯುತ್ತಿರುತ್ತದೆ. ಒಂದು ತೂಬು ಕೆಟ್ಟರೆ ಒಬ್ಬರ ಹೊಲ ಒಣಗುತ್ತದೆ, ಅಷ್ಟೇ. ಆದರೆ ಕರ್ನಲ್ಲೇ ತಪ್ಪಿದರೆ ಹಿಡಿಯುವವರು ಯಾರು?

2024ರ ಜುಲೈ 19ರಂದು ಲೋಕಕ್ಕೆ ಇದರ ಅನುಭವವಾಯಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ರಕ್ಷಣಾ ತಂತ್ರಾಂಶವೊಂದು ವಿಂಡೋಸ್ ಕರ್ನಲ್‌ನೊಳಗೆ ಕೂತು ಕೆಲಸ ಮಾಡುತ್ತಿತ್ತು. 20 ಮೌಲ್ಯಗಳಷ್ಟೇ ಇದ್ದ ಕಡೆ ಅದು 21ನೆಯದನ್ನು ಓದಲು ಹೋಯಿತು. ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ಗಣಕಗಳು ಕುಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು.

ಮೂರೇ ವಾರಕ್ಕೆ, ಆಗಸ್ಟ್ 10ರ ರಾತ್ರಿ, ಈ ಸೀಮೆಯ ಎದೆ ಒಡೆದಂತಾಯಿತು. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ಬರಿದಾಗುವವರೆಗೆ ಕಾದರೆ ಆ ವರ್ಷದ ಬೆಳೆಯ ಗತಿ ಏನು? ಉಳಿದ ಗೇಟುಗಳನ್ನು ತೆರೆದು ಒತ್ತಡ ಇಳಿಸಿ, ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ವಾರದಲ್ಲಿ ಬಾಗಿಲು ಮುಚ್ಚಿದರು. ಕರ್ನಲ್ ದುರಸ್ತಿ ಮಾಡುವವರ ಸಂಕಟವೂ ಇಂಥದೇ: ಹರಿವು ನಿಲ್ಲಿಸುವಂತಿಲ್ಲ, ದೋಷ ಹುಡುಕದೆ ಬಿಡುವಂತಿಲ್ಲ.

ಹುಡುಕುವುದೂ ಸುಲಭವಲ್ಲ. ಎರಡು ಕೆಲಸಗಳು ಒಂದೇ ಲೆಕ್ಕವನ್ನು ಒಂದೇ ಕ್ಷಣ ತಿದ್ದಲು ಹೋದಾಗ ಮಾತ್ರ ಕಾಣುವ ದೋಷಗಳಿವೆ. ಏನಾಗುತ್ತಿದೆ ಎಂದು ನೋಡಲು ಒಂದು ಸಾಲು ಸೇರಿಸಿದರೆ ವೇಗ ತುಸು ಬದಲಾಗಿ ದೋಷ ಮಾಯವಾಗುತ್ತದೆ! ರಾತ್ರಿ ಏರಿಯ ಮೇಲೆ ಬ್ಯಾಟರಿ ಬೆಳಕು ಕಂಡೊಡನೆ ಪೈಪು ಎಳೆದುಕೊಳ್ಳುವ ನೀರುಗಳ್ಳನಂತೆ.

ಈ ಕಷ್ಟಕ್ಕೆ ಎರಡು ಒಳ್ಳೆಯ ಉಪಕರಣಗಳು ರೂಪುಗೊಂಡದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದು. ಅಲ್ಲಿಯ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಎಂಜಿನಿಯರುಗಳು ಕೈಹಾಕಿದ ಒಂದು ಉಪಕರಣ ಕೆಪ್ರೋಬ್ಸ್; 2004ರಲ್ಲಿ ಲಿನಕ್ಸ್ ಸೇರಿತು. ನಡೆಯುತ್ತಿರುವ ಕರ್ನಲ್‌ನ ಬೇಕಾದ ಒಂದು ಆಜ್ಞೆಯ ನಕಲು ತೆಗೆದಿಟ್ಟು, ಆ ಜಾಗದಲ್ಲಿ 'ನಿಲ್ಲು' ಎಂಬ ಗುರುತು ಹಾಕುತ್ತದೆ. ಸಂಸ್ಕಾರಕ ಅಲ್ಲಿಗೆ ಬಂದು ಕ್ಷಣ ತಡೆಯುತ್ತದೆ, ಬೇಕಾದ ಅಂಕಿ ದಾಖಲಾಗುತ್ತದೆ, ನಕಲು ಆಜ್ಞೆ ನಡೆಯುತ್ತದೆ, ಹರಿವು ಮುಂದೆ ಸಾಗುತ್ತದೆ. ಹರಿಯುವ ಕಾಲುವೆಯಲ್ಲೇ ಗೇಜ್ ನೆಟ್ಟಂತೆ.

ಇನ್ನೊಂದು ಕೆಡಂಪ್, 2005ರದು. ಬೆಂಗಳೂರಿನ ಹರಿಪ್ರಸಾದ್ ನೆಲ್ಲಿತೀರ್ಥ, ವಿವೇಕ್ ಗೋಯಲ್ ಮೊದಲಾದವರು ಅಮೆರಿಕದ ಎರಿಕ್ ಬೀಡರ್‌ಮನ್‌ರ ಕೆಲಸದ ಮೇಲೆ ಇದನ್ನು ಕಟ್ಟಿದರು. ಕುಸಿದ ಕರ್ನಲ್ ತಾನೇ ತನ್ನ ಕೊನೆಯ ಸ್ಥಿತಿಯನ್ನು ಡಿಸ್ಕಿಗೆ ಬರೆಯಹೊರಟರೆ ಇದ್ದ ಮಾಹಿತಿಯನ್ನೂ ಕೆಡಿಸೀತು. ಬಿದ್ದವನ ಕೈಯಲ್ಲೇ ಪಂಚನಾಮೆ ಬರೆಸಬಾರದು. ಆದ್ದರಿಂದ ಮೊದಲೇ ಸ್ಮೃತಿಯ ಒಂದು ಮೂಲೆಯನ್ನು ಕಾಯ್ದಿರಿಸಿ ಅಲ್ಲಿ ಇನ್ನೊಂದು ಪುಟ್ಟ ಕರ್ನಲನ್ನು ಮಲಗಿಸಿರುತ್ತಾರೆ. ಮೊದಲನೆಯದು ಬಿದ್ದೊಡನೆ ಇದು ಎದ್ದು, ಬಿದ್ದದ್ದರ ಸ್ಮೃತಿಯನ್ನು ಇದ್ದದ್ದು ಇದ್ದಂತೆ ಎತ್ತಿಡುತ್ತದೆ. ಜಾಣ ಉಪಾಯ!

ದೋಷ ಯಾವ ತಿದ್ದುಪಡಿಯಿಂದ ಬಂತು ಎಂದು ಹಿಡಿಯಲು ಇನ್ನೊಂದು ದಾರಿಯಿದೆ. ಅದನ್ನು ಎಂಟನೆಯ ತರಗತಿಯವರೂ ಮಾಡಬಲ್ಲರು. ಕಾಲುವೆಯ ತಲೆಯಲ್ಲಿ ನೀರು ಸರಿ, ಕೊನೆಯಲ್ಲಿ ಇಲ್ಲ ಎಂದರೆ ನಡುಮಧ್ಯ ಗೇಜ್ ನೋಡಬೇಕು. ಅಲ್ಲಿ ಸರಿಯಿದ್ದರೆ ಸೋರಿಕೆ ಕೆಳಗಿನ ಅರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 1,000 ತಿದ್ದುಪಡಿಗಳಲ್ಲಿ ತಪ್ಪಿದ್ದನ್ನು 10 ಪರೀಕ್ಷೆಗಳಲ್ಲಿ, 16,000ದಲ್ಲಾದರೆ 14ರಲ್ಲಿ ಹಿಡಿಯಬಹುದು. ಎರಡರ ಘಾತಗಳನ್ನು ಬಾಯಿಪಾಠ ಮಾಡಿ ಬೇಸತ್ತ ಮಕ್ಕಳು ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ.

ಇದನ್ನೆಲ್ಲ ಕಲಿಯಲು ದೊಡ್ಡ ಊರಿಗೇ ಹೋಗಬೇಕೇ ಎಂದು ಹೆತ್ತವರು ಕೇಳುವುದು ಸಹಜ. ನೌಕರಿಗೆ ಹೋಗಬೇಕಾದೀತು, ಕಲಿಯಲು ಬೇಕಿಲ್ಲ. ಲಿನಕ್ಸ್‌ನ ಮೂಲ ಬರಹ ಪೂರ್ತಿ ತೆರೆದಿಟ್ಟದ್ದು, ಓದಲು ಕಾಸಿಲ್ಲ. ಇಂಗ್ಲಿಷ್ ಮತ್ತು ಸಿ ಭಾಷೆ ಮಾತ್ರ ಬೇಕು, ಅದಕ್ಕೆ ವರ್ಷಗಳು ಹಿಡಿಯುತ್ತವೆ. ಕೆಡವಿ ಕಲಿಯಲು ಕ್ಯೂಎಂಯು ಎಂಬ ಉಚಿತ ತಂತ್ರಾಂಶ ಗಣಕದೊಳಗೇ ಇನ್ನೊಂದು ಕೃತಕ ಗಣಕ ಮಾಡಿಕೊಡುತ್ತದೆ. ಅದರೊಳಗಿನ ಕರ್ನಲ್ ನೂರು ಸಲ ಕುಸಿದರೂ ಅಪ್ಪನ ಹಳೆಯ ಲ್ಯಾಪ್‌ಟಾಪಿನಲ್ಲಿರುವ ಲೆಕ್ಕಪತ್ರಕ್ಕೆ ಧಕ್ಕೆಯಿಲ್ಲ. ಹೊಸ ತಳಿಯನ್ನು ಮೊದಲು ಪ್ರಯೋಗದ ಮಡಿಯಲ್ಲಿ ಬಿತ್ತುವುದು ಬೀಜದ ಊರಿನವರಿಗೆ ಹೊಸದೇನಲ್ಲ.

ಓದಲು ಎಲ್ಲಿಂದ ಶುರುಮಾಡಬೇಕು ಎಂದರೆ ಕೆಪ್ರೋಬ್ಸ್‌ನ ಕಡತದಿಂದಲೇ ಮಾಡಬಹುದು. ಅದರ ತಲೆಬರಹದಲ್ಲಿ 2002ರ ಅಕ್ಟೋಬರಿನಲ್ಲಿ ಎಸ್. ವಂಶಿ ಕೃಷ್ಣ ಮೊದಲ ರೂಪ ಕೊಟ್ಟದ್ದು, 2004ರಲ್ಲಿ ಪ್ರಸನ್ನ ಎಸ್. ಪಂಚಮುಖಿ ತಿದ್ದಿದ್ದು ದಾಖಲಾಗಿದೆ. ಇದರ ನಿರ್ವಾಹಕರ ಪಟ್ಟಿಯಲ್ಲಿ ಬಹಳ ವರ್ಷ ಇದ್ದ ಇನ್ನೊಂದು ಹೆಸರು ಅನಂತ ಎನ್. ಮಾವಿನಕಾಯನಹಳ್ಳಿ. ಹೊರದೇಶದವರು ಅದನ್ನು ಹೇಗೆ ಉಚ್ಚರಿಸುತ್ತಿದ್ದರೋ!